ಬೆಟಗೇರಿಯ ಅತಿಥಿಗಳು

ಸ್ವದೇಶದ ಮನೆಮಾರು ಬಿಟ್ಟು ಪರದೇಶದ ಒಂದೂರಿಗೆ ಕೆಲವು ವಾರಗಳಿಂದ ಒಂದೆರಡು ವರ್ಷಗಳ ಮಟ್ಟಿಗೆ ಬಂದು, ಅಲ್ಲಿಯ ಶಾಲೆ, ಆಸ್ಪತ್ರೆ, ವಿದ್ಯಾರ್ಥಿನಿಲಯ ಇಲ್ಲವೆ ಸಭೆಯ ಕೆಲಸಗಳಲ್ಲಿ ಕೈಜೋಡಿಸಿ ಮರಳಿಹೋಗುವ ಪದ್ಧತಿಗೆ ಕ್ರೈಸ್ತ ವಲಯದಲ್ಲಿ ಅಲ್ಪಾವಧಿ ಮಿಶನ್ ಸೇವೆ ಎಂಬ ಹೆಸರಿದೆ. ಸಭೆ ಎಂದರೆ ಒಂದೂರಿನ ಕ್ರೈಸ್ತ ಆರಾಧಕರ ಬಳಗ. ಮಿಶನ್ ಎಂದರೆ ಆ ಬಳಗವು ತನ್ನ ನಂಬಿಕೆಯ ಹೆಸರಿನಲ್ಲಿ ಊರಾಚೆಗೆ, ದೇಶದಾಚೆಗೆ ಕೈಗೊಳ್ಳುವ ಕಾರ್ಯ. ಇಂಥ ಸೇವೆಯ ವರದಿಗಳಲ್ಲಿ ಕಟ್ಟಿದ ಗೋಡೆ, ಹಂಚಿದ ಪುಸ್ತಕ, ನಡೆಸಿದ ಶಿಬಿರಗಳ ಲೆಕ್ಕ ಮೊದಲು ಬರುತ್ತದೆ. ಬೆಳಗಿನಿಂದ ರಾತ್ರಿಯವರೆಗಿನ ಬದುಕು ಮತ್ತು ಆ ಬದುಕಿನ ನಡುವೆ ಬೆಳೆದ ಸ್ನೇಹ ಕೊನೆಯ ಪುಟಕ್ಕೆ ಸರಿಯುತ್ತವೆ. ಆದರೆ ಗದಗ-ಬೆಟಗೇರಿ ಸೀಮೆಯಲ್ಲಿ 1841ರಿಂದ ಆಗಾಗ ಕಡಿದು ಮತ್ತೆ ಕೂಡಿಕೊಳ್ಳುತ್ತ ಬಂದಿರುವ ಈ ಬಗೆಯ ಬರವು-ಹೋಗುವಿಕೆಯನ್ನು ಕ್ರಮವಾಗಿ ನೋಡಿದರೆ, ಕಾಲದಲ್ಲಿ ಉಳಿದದ್ದು ಆ ಕೊನೆಯ ಪುಟದ ಸಂಗತಿಯೇ ಎಂಬುದು ಮನದಟ್ಟಾಗುತ್ತದೆ. ದೊಡ್ಡ ಯೋಜನೆ ಹಿಡಿದು ಬಂದವರ ಯೋಜನೆಗಳು ಬಹುಮಟ್ಟಿಗೆ ಸೊರಗಿದವು. ಅತಿಥಿಯಾಗಿ ಇರಲು, ಕೇಳಲು, ಕಲಿಯಲು ಒಪ್ಪಿದವರ ಕೆಲಸ ನಾಡಿನ ಸ್ವತ್ತಾಯಿತು.

ಗದಗ ಪೇಟೆಯ ಮಗ್ಗುಲಲ್ಲಿರುವ ಕಳಸಾಪುರ, ಮಲ್ಲಸಮುದ್ರ, ಬೆಟಗೇರಿಗಳ ಸೀಮೆ ಜೋಳ, ಹತ್ತಿ, ಶೇಂಗಾ, ಉಳ್ಳಾಗಡ್ಡಿ ಬೆಳೆಯುವ ನೆಲ. ತೆಂಕಣಕ್ಕೆ ಕಪ್ಪತಗುಡ್ಡದ ಸಾಲು, ಅದರ ಆಸುಪಾಸಿನಲ್ಲಿ ಶಿರಹಟ್ಟಿ ಮತ್ತು ಮುಂಡರಗಿಯ ಹಳ್ಳಿಗಳು, ಆಚೆಗೆ ತುಂಗಭದ್ರೆ. ಬೆಟಗೇರಿ ಮೊದಲಿನಿಂದಲೂ ನೇಕಾರರ ಊರು. ಪರಸ್ಥಳದವರನ್ನು ಕಂಡು ಬೆಚ್ಚುವ ರೂಢಿ ಈ ಸೀಮೆಗೆ ಇರಲಿಲ್ಲ. ವ್ಯಾಪಾರಿಗಳು, ಜಂಗಮರು, ದಾಸರು, ಫಕೀರರು ಇಲ್ಲಿಯ ದಾರಿಗಳಲ್ಲಿ ನಿತ್ಯ ಸಂಚರಿಸುತ್ತಿದ್ದರು, ಬಂದವರಿಗೆ ನೀರು-ಬೆಲ್ಲ ಕೊಟ್ಟು ಕೂಡ್ರಿಸಿ ಆಮೇಲೆ ಊರು-ಹೆಸರು ಕೇಳುವುದು ಮನೆತನದ ನಡತೆಯೆನಿಸಿತ್ತು. ಧರ್ಮದ ಗಡಿ ದಾಟಿದ ಸ್ನೇಹಕ್ಕೂ ಇಲ್ಲಿ ಮಾದರಿಗಳಿವೆ. ಶಿರಹಟ್ಟಿಯ ಫಕೀರೇಶ್ವರ ಮಠವು ಹಿಂದೂ-ಮುಸ್ಲಿಂ ಭಕ್ತರನ್ನು ಒಂದೇ ಗದ್ದುಗೆಯ ಮುಂದೆ ಕೂಡಿಸಿಕೊಂಡು ಬಂದ ಮಠ. ಇಲ್ಲಿಂದ ಬಹಳ ದೂರವಲ್ಲದ ಶಿಶುನಾಳದ ಶರೀಫರು (1819–1889) ಕಳಸದ ಗುರು ಗೋವಿಂದ ಭಟ್ಟರ ಶಿಷ್ಯರಾಗಿ, ಮುಸ್ಲಿಂ ಶಿಷ್ಯ ಮತ್ತು ಬ್ರಾಹ್ಮಣ ಗುರುವಿನ ನಂಟನ್ನು ಬಾಳಿ ತೋರಿಸಿದ್ದು ಯುರೋಪಿನ ಮಿಶನರಿಗಳು ಈ ಭಾಗದಲ್ಲಿ ಓಡಾಡುತ್ತಿದ್ದ ಕಾಲದಲ್ಲಿಯೇ. ಆದ್ದರಿಂದ ಬೆಟಗೇರಿಗೆ ಬಂದ ಪರದೇಶೀಯರು ಸ್ನೇಹವನ್ನು ಇಲ್ಲಿಗೆ ಹೊತ್ತು ತಂದರೆಂದು ಹೇಳುವುದು ಸರಿಯಾಗದು. ಈಗಾಗಲೇ ಇದ್ದ ಆತಿಥ್ಯದೊಳಗೆ ಅವರು ಕಾಲಿಟ್ಟರೆಂಬುದೇ ನಿಜ.

ಹೀಗೆ ಬಂದವರನ್ನು ಕಳುಹಿಸಿದ್ದು 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪಿತವಾದ ಬಾಸೆಲ್ ಮಿಶನ್. ಅದರ ಹಿಂದೆ ಇದ್ದದ್ದು ಪಯಟಿಸಂ ಎಂಬ ಭಕ್ತಿಪಂಥ. ಚರ್ಚಿನ ವಿಧಿಗಳಿಗಿಂತ ವ್ಯಕ್ತಿಯ ಅಂತರಂಗದ ಬದಲಾವಣೆ, ದುಡಿಮೆ, ಸರಳ ಜೀವನಗಳಿಗೆ ಹೆಚ್ಚು ಬೆಲೆ ಕೊಡುವ ಈ ಪಂಥ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಪ್ರಾಂತ್ಯದ ರೈತರಲ್ಲಿ, ಕುಶಲಕರ್ಮಿಗಳಲ್ಲಿ ಬಲವಾಗಿ ನೆಲೆಸಿತ್ತು. ಬ್ರಿಟಿಷ್ ಪ್ರಜೆಗಳಲ್ಲದ ಮಿಶನರಿಗಳೂ ಕಂಪನಿ ಸರಕಾರದ ನೆಲದಲ್ಲಿ ಕೆಲಸ ಮಾಡಲು 1833ರ ಕಾಯಿದೆಯಿಂದ ಅನುಕೂಲವಾದ ಮೇಲೆ, ಸ್ಯಾಮ್ಯುಯೆಲ್ ಹೆಬಿಕ್, ಯೋಹಾನ್ ಕ್ರಿಸ್ಟೋಫ್ ಲೇನರ್, ಕ್ರಿಶ್ಚಿಯನ್ ಗ್ರೈನರ್ ಎಂಬ ಮೂವರು 1834ರ ಅಕ್ಟೋಬರ್‌ನಲ್ಲಿ ಕಲ್ಲಿಕೋಟೆಯಲ್ಲಿ ಹಡಗಿನಿಂದ ಇಳಿದು ಮಂಗಳೂರಿನಲ್ಲಿ ನೆಲೆಯೂರಿದರು. ಅಲ್ಲಿಂದ ಘಟ್ಟ ಹತ್ತಿ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ಗುಳೇದಗುಡ್ಡ, ಹೀಗೆ ಬಯಲುಸೀಮೆಯಲ್ಲಿ ಮಿಶನ್ ಠಾಣ್ಯಗಳು ಒಂದೊಂದಾಗಿ ಏರ್ಪಟ್ಟವು. ಬಂದವರಲ್ಲಿ ಹೆಚ್ಚಿನವರು ಇಪ್ಪತ್ತರ ಹರೆಯದಲ್ಲಿದ್ದವರು, ಎರೆಯ ನೆಲದ ಬಿಸಿಲನ್ನಾಗಲಿ ಮುಂಗಾರಿನ ಕೆಸರನ್ನಾಗಲಿ ಊಹಿಸಿಯೂ ಇರದವರು.

ಬೆಟಗೇರಿ ಠಾಣ್ಯದ ಆರಂಭದ ಕಥೆಯಲ್ಲಿ ಮಲ್ಲಸಮುದ್ರಕ್ಕೆ ಮುಖ್ಯ ಸ್ಥಾನವಿದೆ. ಆ ಕಾಲದಲ್ಲಿ ಈ ಭಾಗದಲ್ಲಿ ಕಾಲಜ್ಞಾನಿಗಳು ಎಂಬ ಒಂದು ಪಂಥದ ಜನರಿದ್ದರು. ಮುಂದೆ ಬರಲಿರುವ ಒಳ್ಳೆಯ ಕಾಲವನ್ನು ಮೊದಲೇ ನುಡಿದಿಟ್ಟಿವೆಯೆಂದು ನಂಬಲಾದ ಕಾಲಜ್ಞಾನದ ವಚನಗಳನ್ನು ಅವರು ಹಾಡಿಕೊಂಡು, ಬಗೆಹರಿಸಿಕೊಂಡು ಬದುಕುತ್ತಿದ್ದರು. 1840ರ ಸುಮಾರಿಗೆ ಅವರ ಪ್ರಮುಖರು ಮಿಶನರಿಗಳ ಸಂಪರ್ಕಕ್ಕೆ ಬಂದಾಗ, ಹೊಸಬರಲ್ಲಿ ತಮ್ಮ ನಿರೀಕ್ಷೆಯ ಕುರುಹುಗಳನ್ನು ಕಂಡರು. ಮಿಶನರಿಗಳೂ ಅವರ ಮಾತಿನಲ್ಲಿ ಸಾವಿರಾರು ಜನ ಒಮ್ಮೆಲೆ ಕ್ರೈಸ್ತರಾಗುವ ಭರವಸೆಯನ್ನು ಕೇಳಿದರು. ಆ ಭರವಸೆಯ ಮೇಲೆ ಮಲ್ಲಸಮುದ್ರದಲ್ಲಿ ಜಮೀನು ಪಡೆದು, ಬಂದವರು ಉತ್ತು ಬಿತ್ತಿ ಒಟ್ಟಾಗಿ ಬಾಳುವ ಒಂದು ಬೇಸಾಯದ ವಸಾಹತನ್ನು ರೂಪಿಸಲಾಯಿತು. ನಿರೀಕ್ಷಿಸಿದ ಜನಸಮೂಹ ಬರಲಿಲ್ಲ. ಬಂದದ್ದು ಬೆರಳೆಣಿಕೆಯ ಕುಟುಂಬಗಳು. ಇದನ್ನು ಒಬ್ಬರ ವಂಚನೆ, ಇನ್ನೊಬ್ಬರ ಮೋಸಹೋಗುವಿಕೆ ಎಂದು ಬರೆಯುವುದು ಸುಲಭವಾದರೂ ನ್ಯಾಯವಲ್ಲ. ಎರಡು ಕಡೆಯವರೂ ಪ್ರಾಮಾಣಿಕರು, ಎರಡು ಕಡೆಯವರೂ ಆತುರದವರು. ಭಾಷೆ ಇನ್ನೂ ಹಿಡಿತಕ್ಕೆ ಬಾರದ ಕಾಲದಲ್ಲಿ, ಪರಿಚಯ ಇನ್ನೂ ಎಳೆಯದಾಗಿರುವಾಗ, ಎದುರಿನವರ ಬಾಯಲ್ಲಿ ತಮ್ಮ ಮನಸ್ಸಿನ ಮಾತನ್ನೇ ಕೇಳಿಸಿಕೊಂಡವರು. ಅಲ್ಪಕಾಲಕ್ಕೆಂದು ಬರುವ ಎಲ್ಲ ಸೇವಕರಿಗೂ ಎದುರಾಗುವ ಮೊದಲ ಅಪಾಯ ಇದೇ. ಸ್ವಾಗತದ ಹಾರ, ನಗುಮುಖ, ಊಟದ ಒತ್ತಾಯಗಳನ್ನು ತಮ್ಮ ಕಾರ್ಯಕ್ಕೆ ಸಿಕ್ಕ ಒಪ್ಪಿಗೆಯೆಂದು ತಿಳಿಯುವವರು, ಅದು ಆ ಮನೆ ಎಲ್ಲ ಅತಿಥಿಗಳಿಗೂ ಮಾಡುವ ಉಪಚಾರವೆಂಬುದನ್ನು ಮರೆಯುತ್ತಾರೆ.

ಯೋಜನೆ ಸೊರಗಿದ ಮೇಲೂ ದಿನಗಳು ಉಳಿಯುತ್ತವೆ, ಅವುಗಳನ್ನು ಬಾಳಬೇಕಾಗುತ್ತದೆ. 19ನೆಯ ಶತಮಾನದ ಮಧ್ಯಭಾಗದ ಒಬ್ಬ ಮಿಶನರಿಯ ದಿನಚರಿ ನಸುಕಿನ ಪ್ರಾರ್ಥನೆಯಿಂದ ಆರಂಭವಾಗಿ ಕನ್ನಡದ ಪಾಠಕ್ಕೆ ತಿರುಗುತ್ತಿತ್ತು. ಮುನ್ಶಿ, ಎಂದರೆ ಸಂಬಳಕ್ಕೆ ಭಾಷೆ ಕಲಿಸುವ ಊರಿನ ವಿದ್ವಾಂಸ, ಪಡಸಾಲೆಯಲ್ಲಿ ಕುಳಿತು ಓಲೆಗರಿಯನ್ನೋ ಕಾಗದವನ್ನೋ ಮುಂದಿಟ್ಟುಕೊಂಡು ಅಕ್ಷರ ತಿದ್ದಿಸುತ್ತಿದ್ದ. ಲ-ಳ, ನ-ಣಗಳ ನಡುವೆ, ಅಲ್ಪಪ್ರಾಣ-ಮಹಾಪ್ರಾಣಗಳ ನಡುವೆ ಜರ್ಮನ್ ನಾಲಿಗೆ ತಡವರಿಸಿದಾಗಲೆಲ್ಲ ಮತ್ತೆ ಮತ್ತೆ ಹೇಳಿಸುತ್ತಿದ್ದ. ತನ್ನ ದೇಶದಲ್ಲಿ ಬೋಧಕನೆಂದು ದೀಕ್ಷೆ ಪಡೆದವನು ಇಲ್ಲಿ ಪ್ರತಿ ಮುಂಜಾನೆ ಮಗುವಿನ ಸ್ಥಾನದಲ್ಲಿ ಕೂಡಬೇಕಾಗುತ್ತಿತ್ತು. ಹೊತ್ತೇರಿದ ಮೇಲೆ ಶಾಲೆಯ ಮೇಲ್ವಿಚಾರಣೆ, ಜ್ವರವೆಂದು ಬಂದವರಿಗೆ ಇದ್ದಷ್ಟು ಔಷಧ, ಸಂಜೆ ಓಣಿಗಳಲ್ಲಿ ನೇಕಾರರ ಮನೆಗಳ ಮುಂದೆ ಮಾತುಕತೆ, ರಾತ್ರಿ ಬಾಸೆಲ್ಲಿನ ಸಮಿತಿಗೆ ವರದಿ. ಚಳಿಗಾಲದಲ್ಲಿ ಎತ್ತಿನ ಗಾಡಿ ಕಟ್ಟಿಸಿ, ಉಪದೇಶಿಯನ್ನು, ಎಂದರೆ ಸ್ಥಳೀಯ ಕ್ರೈಸ್ತ ಬೋಧಕನನ್ನು, ಜತೆಗೆ ಕರೆದುಕೊಂಡು ಹಳ್ಳಿಯಿಂದ ಹಳ್ಳಿಗೆ ಸಂಚಾರ; ಸಂತೆಯಲ್ಲಿ, ಜಾತ್ರೆಯಲ್ಲಿ ನಿಂತು ಬೋಧನೆ, ಜಂಗಮರೊಡನೆ ಶಾಸ್ತ್ರಿಗಳೊಡನೆ ವಾದ, ರಾತ್ರಿ ಚಾವಡಿಯಲ್ಲೋ ಡೇರೆಯಲ್ಲೋ ವಸತಿ. ಗದಗಿಗೆ ರೈಲು ಬಂದದ್ದು 1880ರ ದಶಕದಲ್ಲಿ. ಅದಕ್ಕೆ ಮುನ್ನ ಧಾರವಾಡಕ್ಕೆ ಹೋಗಿಬರುವುದೂ ದಿನಗಟ್ಟಲೆಯ ಪ್ರಯಾಣ. ಈ ಎಲ್ಲ ಚಟುವಟಿಕೆಯಲ್ಲಿ ಗಾಡಿ ಹೊಡೆಯುವವನು, ನೀರು ತರುವವಳು, ಅಡಿಗೆಯವನು, ಮುನ್ಶಿ, ಉಪದೇಶಿ ಇವರಿಲ್ಲದೆ ಮಿಶನರಿ ಒಂದು ದಿನವನ್ನೂ ದಾಟುವಂತಿರಲಿಲ್ಲ ಎಂಬುದು ಗಮನಿಸಬೇಕಾದ ಮಾತು. ಸಹಾಯ ಮಾಡಲು ಬಂದವನು ಎದ್ದಾಗಿನಿಂದ ಮಲಗುವವರೆಗೆ ಸಹಾಯ ಪಡೆಯುತ್ತಿದ್ದನು. ಸ್ನೇಹ ಕುಡಿಯೊಡೆದದ್ದು ಈ ಅವಲಂಬನೆಯ ಸಂದಿನಲ್ಲಿ.

ಮಿಶನ್ ಬಂಗಲೆಯ ಹೆಂಗಸರ ಪಾಲಿಗೆ ಈ ಬದುಕು ಇನ್ನೂ ಕಠಿಣವಾಗಿತ್ತು. ಅವಿವಾಹಿತನಾಗಿ ಬಂದ ಮಿಶನರಿ ಕೆಲವು ವರ್ಷ ದುಡಿದ ಬಳಿಕವಷ್ಟೇ ಬಾಸೆಲ್ಲಿನ ಸಮಿತಿಯಿಂದ ಮದುವೆಗೆ ಅಪ್ಪಣೆ ಪಡೆಯುತ್ತಿದ್ದ. ಅಪ್ಪಣೆ ಸಿಕ್ಕ ಮೇಲೆ, ವರನನ್ನು ಕಣ್ಣಾರೆ ಕಂಡಿರದ ಕನ್ಯೆಯರೂ ಸಮುದ್ರ ದಾಟಿ ಬಂದು ಇಲ್ಲಿ ಮದುವೆಯಾಗುತ್ತಿದ್ದರು. ಹುಟ್ಟಿದ ಮಕ್ಕಳನ್ನು ಆರೇಳು ವರ್ಷ ತುಂಬುತ್ತಲೇ ಶಿಕ್ಷಣಕ್ಕೆಂದು ಯುರೋಪಿಗೆ ಕಳುಹಿಸುವ ರೂಢಿ ಇತ್ತು. ಅದಕ್ಕಾಗಿಯೇ 1853ರಲ್ಲಿ ಬಾಸೆಲ್ಲಿನಲ್ಲಿ ಮಕ್ಕಳ ನಿಲಯವೊಂದು ತೆರೆಯಿತು. ತಲಶ್ಶೇರಿಯಲ್ಲಿ 1842ರಲ್ಲಿ ಹುಟ್ಟಿ ಎಳೆತನದಲ್ಲೇ ತಾಯಿತಂದೆಗಳಿಂದ ಅಗಲಿ ಯುರೋಪಿಗೆ ಹೋದ ಮರೀ ಗುಂಡರ್ಟ್ ಮುಂದೆ ಸಾಹಿತಿ ಹರ್ಮನ್ ಹೆಸ್ಸೆಯ ತಾಯಿಯಾದಳು. ಹೆತ್ತ ಮಕ್ಕಳನ್ನು ಹಡಗು ಹತ್ತಿಸಿ ಬಂದ ಮೇಲೆ ಇಂಥ ತಾಯಂದಿರು ಹೆಣ್ಣುಮಕ್ಕಳ ಶಾಲೆ ನಡೆಸಿದರು, ಹೊಲಿಗೆ ಕಲಿಸಿದರು, ಬಾಣಂತಿಯರ ಮನೆಗಳಿಗೆ ನಡೆದರು. ಗಂಡಸರಿಗೆ ಕದ ತೆರೆಯದ ಮನೆಗಳ ಒಳಕೋಣೆಗೆ ಅವರಿಗೆ ಪ್ರವೇಶವಿತ್ತು. ಮಗುವಿನ ಹಲ್ಲು, ಅತ್ತೆಯ ಮೊಣಕಾಲು, ಬರುವ ಹಬ್ಬ ಇಂಥ ವಿಷಯಗಳ ಸುತ್ತ ಬೆಳೆದ ಗೆಳೆತನಗಳು ಯಾವ ವರದಿಯಲ್ಲಿಯೂ ಸೇರದೆ ಹೋದವು. 1876–78ರ ದೊಡ್ಡ ಬರದಲ್ಲಿ ಧಾರವಾಡ ಜಿಲ್ಲೆಯ ಹಳ್ಳಿಗಳು ಬರಿದಾದಾಗ ಮಿಶನ್ ಠಾಣ್ಯಗಳಲ್ಲಿ ಆಶ್ರಯ ಪಡೆದ ಅನಾಥ ಮಕ್ಕಳನ್ನು ಸಾಕುವ ಹೊಣೆಯಲ್ಲಿ ಈ ಹೆಂಗಸರೂ ಅವರ ಕನ್ನಡದ ಗೆಳತಿಯರೂ ಪಾಲುಗೊಂಡರು.

ಭಾಷೆಯ ಕೆಲಸದಲ್ಲಿ ಅತಿಥಿಧರ್ಮದ ಫಲ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ. 1836ರಲ್ಲಿ ಮಂಗಳೂರಿಗೆ ಬಂದ ಹರ್ಮನ್ ಮೋಗ್ಲಿಂಗ್ (1811–1881) ಹುಡುಗರಿಗಾಗಿ ಶಾಲೆ ತೆರೆದು ಅವರ ನಡುವೆಯೇ ಬಾಳಿದವರು, 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿ ಕನ್ನಡ ಪತ್ರಿಕೋದ್ಯಮಕ್ಕೆ ಅಡಿಪಾಯ ಹಾಕಿದವರು, ‘ಬಿಬ್ಲಿಯಾಥಿಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳಂಥ ಕೃತಿಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದವರು. ತಮ್ಮ ಧರ್ಮವನ್ನು ಸಾರಲು ಬಂದವರು ಹರಿದಾಸರ ಹಾಡುಗಳನ್ನು ಕೂಡಿಹಾಕಿ ಅಚ್ಚಿಗೆ ಕೊಟ್ಟರೆಂಬ ಸಂಗತಿಯಲ್ಲಿ, ಜತೆಗೆ ಬಾಳಿದ ಜನರ ಬಾಯಿಗೆ ಕಿವಿಗೊಟ್ಟ ವರ್ಷಗಳ ಗುರುತಿದೆ. ಮೋಗ್ಲಿಂಗರ ಬಂಧು ಗಾಟ್‌ಫ್ರೀಡ್ ವೈಗ್ಲೆ 1840ರಲ್ಲಿ ಬಂದು ಕನ್ನಡ ಬೈಬಲ್ಲಿನ ಪರಿಷ್ಕರಣೆಗೆ ದುಡಿದು 1855ರಲ್ಲಿ ಮಂಗಳೂರಿನಲ್ಲೇ ತೀರಿಕೊಂಡರು. ಟ್ಯೂಬಿಂಗನ್ನಿನಲ್ಲಿ ಓದುವಾಗಿನಿಂದ ಮೋಗ್ಲಿಂಗರ ಗೆಳೆಯರಾದ ಹರ್ಮನ್ ಗುಂಡರ್ಟ್ ಮಲಯಾಳದಲ್ಲಿ ಅದೇ ಬಗೆಯ ದುಡಿಮೆ ಮಾಡಿ, ಗೆಳೆಯ ತೀರಿಕೊಂಡ ಮರುವರ್ಷ, 1882ರಲ್ಲಿ, ಅವರ ಜೀವನಚರಿತ್ರೆಯನ್ನು ಬರೆದರು. ಪರದೇಶದ ಒಂಟಿತನದಲ್ಲಿ ಒಬ್ಬರಿಗೊಬ್ಬರು ಆಸರೆಯಾದ ಈ ಸ್ನೇಹಗಳು ಆ ಪೀಳಿಗೆಯನ್ನು ಕುಸಿಯದಂತೆ ಹಿಡಿದು ನಿಲ್ಲಿಸಿದವು.

ಫರ್ಡಿನಂಡ್ ಕಿಟೆಲ್ (1832–1903) 1853ರಲ್ಲಿ ಬಂದು ಆರಂಭದ ವರ್ಷಗಳನ್ನು ಧಾರವಾಡ-ಹುಬ್ಬಳ್ಳಿಯ ಭಾಗದಲ್ಲಿ ಕಳೆದರು. 1862ರಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡದ ಪದ್ಯರೂಪದಲ್ಲಿ ಹೇಳುವ ‘ಕಥಾಮಾಲೆ’, ಆಮೇಲೆ ‘ಶಬ್ದಮಣಿದರ್ಪಣ’, ‘ಛಂದೋಂಬುಧಿ’ಗಳ ಸಂಪಾದನೆ, ಕೊನೆಗೆ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದ, ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು, ಇವು ಅವರ ಬಾಳಿನ ಮೈಲಿಗಲ್ಲುಗಳು. ಈ ನಿಘಂಟಿನ ಪುಟಗಳಲ್ಲಿ ಕಾವ್ಯದ ಪದಗಳ ಪಕ್ಕದಲ್ಲೇ ಹೊಲ, ಅಡಿಗೆಮನೆ, ದನಕರುಗಳ ಪದಗಳೂ ಗಾದೆಗಳೂ ನೆಲೆಗೊಂಡಿವೆ. ಗ್ರಂಥಗಳಿಂದ ಮಾತ್ರ ಇವು ದೊರೆಯುವಂಥವಲ್ಲ. ಯಾರೋ ಒಬ್ಬರು ಹೇಳಬೇಕು, ಇನ್ನೊಬ್ಬರು ಬರೆದುಕೊಳ್ಳಬೇಕು, ಬರೆದದ್ದನ್ನು ಮತ್ತೊಮ್ಮೆ ಓದಿ ತೋರಿಸಿ ಹೌದೆನ್ನಿಸಿಕೊಳ್ಳಬೇಕು. ಕಿಟೆಲ್ಲರ ಹೆಸರಿನಲ್ಲಿ ಇಂದು ಪ್ರತಿಮೆಗಳಿವೆ, ಧಾರವಾಡದಲ್ಲಿ ಕಾಲೇಜಿದೆ, ಅದು ಸಲ್ಲತಕ್ಕ ಗೌರವವೇ ಸರಿ. ಆದರೆ ಪದದ ಬಳಕೆಯನ್ನು ಬಾಯಿಬಿಟ್ಟು ಹೇಳಿಕೊಟ್ಟ ರೈತ, ಗೌಡಸಾನಿ, ಶಾಲಾ ಮಾಸ್ತರ, ಪಂಡಿತರಿಲ್ಲದೆ ಆ ಗ್ರಂಥ ಹುಟ್ಟುತ್ತಿರಲಿಲ್ಲ. ಅವರು ಕೊಟ್ಟ ಹೊತ್ತು ಮತ್ತು ತೋರಿದ ತಾಳ್ಮೆ ಸ್ನೇಹದ ಲೆಕ್ಕಕ್ಕೇ ಸೇರತಕ್ಕವು.

ಇಷ್ಟು ಹೇಳಿದ ಮೇಲೆ ಈ ಸ್ನೇಹಗಳ ಮಿತಿಯನ್ನೂ ಅಷ್ಟೇ ನೇರವಾಗಿ ಹೇಳಬೇಕಾಗುತ್ತದೆ. ಮಿಶನರಿಯ ಹಿಂದೆ ವಸಾಹತು ಸರಕಾರದ ನೆರಳಿತ್ತು. ಬಂಗಲೆಯ ಆವರಣಕ್ಕೆ ಗೋಡೆಯಿತ್ತು. ಒಂದೇ ಗಾಡಿಯಲ್ಲಿ ಸಂಚರಿಸಿ ಒಂದೇ ಕೆಲಸ ಮಾಡುತ್ತಿದ್ದ ಉಪದೇಶಿಗೂ ಪಾದ್ರಿ ಸಾಹೇಬರಿಗೂ ಸಂಬಳದಲ್ಲಿ, ಅಧಿಕಾರದಲ್ಲಿ ಬಹಳ ಅಂತರವಿತ್ತು. ದೀಕ್ಷಾಸ್ನಾನ, ಎಂದರೆ ಕ್ರೈಸ್ತ ಸಭೆಗೆ ಸೇರುವ ಸಂಸ್ಕಾರ, ಪಡೆದವರು ಹುಟ್ಟಿದ ಮನೆಯನ್ನೂ ಕುಲಬಾಂಧವರನ್ನೂ ಕಳೆದುಕೊಳ್ಳುತ್ತಿದ್ದರು. ಆ ನೋವಿನ ಆಳವನ್ನು ಹೊಸ ಸ್ನೇಹಗಳು ಪೂರ್ತಿಯಾಗಿ ತುಂಬಿಕೊಡಲಾರದಾದವು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯರು 1844ರಲ್ಲಿ ಮೋಗ್ಲಿಂಗರಿಂದ ದೀಕ್ಷಾಸ್ನಾನ ಪಡೆದಾಗ ಊರಿನಲ್ಲಿ ದೊಡ್ಡ ಗದ್ದಲವೇ ಎದ್ದಿತು. ಅವರು 1846ರಲ್ಲಿ ಮೋಗ್ಲಿಂಗರೊಡನೆ ಬಾಸೆಲ್ಲಿಗೆ ಹೋಗಿ, ಅಲ್ಲಿಯ ಮಿಶನ್ ವಿದ್ಯಾಲಯದಲ್ಲಿ ಓದಿ, ಬೋಧಕದೀಕ್ಷೆ ಪಡೆದು 1851ರಲ್ಲಿ ಮರಳಿದರು. ಪರದೇಶದಲ್ಲಿ ಕೆಲಕಾಲ ಬಾಳಿ ಬಂದ ಕನ್ನಡ ನಾಡಿನ ಆರಂಭಕಾಲದ ಕ್ರೈಸ್ತರಲ್ಲಿ ಕೌಂಡಿನ್ಯರು ಎದ್ದು ಕಾಣುವವರು. ಹಿಮ, ಬ್ರೆಡ್ಡು, ಜರ್ಮನ್ ವ್ಯಾಕರಣಗಳ ನಡುವೆ ಅವರು ಪಟ್ಟ ಪಾಡು, ಬೆಟಗೇರಿಯ ಬಿಸಿಲಿನಲ್ಲಿ ವುರ್ಟೆಂಬರ್ಗಿನ ತರುಣರು ಪಟ್ಟ ಪಾಡಿಗೆ ಸರಿದೊರೆಯಾದದ್ದು. ಮಿಶನರಿಯೂ ಶಿಷ್ಯನೂ ಒಬ್ಬರ ದೇಶದಲ್ಲಿ ಮತ್ತೊಬ್ಬರು ಅತಿಥಿಯಾದ ಮೇಲೆ ಆ ಇಬ್ಬರ ನಂಟು ಗುರು-ಶಿಷ್ಯರ ಎಲ್ಲೆಯನ್ನು ದಾಟಿ ಸಹೋದ್ಯೋಗಿಗಳ ನಂಟಾಗಿ ಬೆಳೆಯಿತು.

ದೀರ್ಘಕಾಲಕ್ಕೆಂದು ಬಂದವರಲ್ಲಿ ಎಷ್ಟೋ ಜನರ ಸೇವೆ ಅಲ್ಪಾವಧಿಯದಾಗಿಯೇ ಮುಗಿಯಿತು. ಕಾಲರಾ, ವಿಷಮಜ್ವರ, ಆಮಶಂಕೆಗಳು ತರುಣ ಮಿಶನರಿಗಳನ್ನು ಬಂದ ಕೆಲವೇ ವರ್ಷಗಳಲ್ಲಿ ಕೊಂಡೊಯ್ದವು. ಉಳಿದ ಕೆಲವರು ಆರೋಗ್ಯ ಕೆಟ್ಟು ಹಡಗು ಹತ್ತಿದರು. ಹರ್ಮನ್ ಹೆಸ್ಸೆಯ ತಂದೆ ಯೋಹಾನ್ನೆಸ್ ಹೆಸ್ಸೆ 1869ರಲ್ಲಿ ಭಾರತಕ್ಕೆ ಬಂದು, ಶರೀರ ಒಗ್ಗದೆ 1873ರಲ್ಲಿ ಹಿಂದಿರುಗಿದವರು. ಆದರೂ ಆ ನಾಲ್ಕು ವರ್ಷಗಳ ಭಾರತ ಅವರ ಮನೆಯ ಮಾತುಕತೆಯಲ್ಲಿ ಉಳಿದು ಮುಂದಿನ ಪೀಳಿಗೆಯ ಸಾಹಿತ್ಯದವರೆಗೂ ಹರಿಯಿತು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಜರ್ಮನ್ ಮಿಶನರಿಗಳು ಬ್ರಿಟಿಷರ ಪಾಲಿಗೆ ಶತ್ರುದೇಶದ ಪ್ರಜೆಗಳಾದರು. ಹಲವರನ್ನು ಅಹಮದ್‌ನಗರದ ಶಿಬಿರದಲ್ಲಿ ಬಂಧನದಲ್ಲಿಟ್ಟು, ಕುಟುಂಬಗಳನ್ನು ಹಡಗಿನಲ್ಲಿ ತಾಯ್ನಾಡಿಗೆ ಸಾಗಿಸಲಾಯಿತು. ದಶಕಗಳ ಠಾಣ್ಯಗಳು ಕೆಲವೇ ತಿಂಗಳುಗಳಲ್ಲಿ ಯಜಮಾನರಿಲ್ಲದ ಮನೆಗಳಾದವು. ಸ್ನೇಹದ ನಿಜವಾದ ಪರೀಕ್ಷೆ ನಡೆದದ್ದು ಆಗ. ಶಾಲೆಗಳ ಬಾಗಿಲು ತೆರೆದವರು, ಭಾನುವಾರದ ಆರಾಧನೆ ನಡೆಸಿದವರು, ವಿದ್ಯಾರ್ಥಿಗಳಿಗೆ ಅನ್ನ ಹಾಕಿದವರು ಇದೇ ನೆಲದ ಉಪದೇಶಿಗಳು, ಮಾಸ್ತರರು, ಹಿರಿಯರು. ನೆರವಿಗೆ ಬಂದ ಬೇರೆ ಮಿಶನ್ ಸಂಸ್ಥೆಗಳು ಅವರ ಆಧಾರದ ಮೇಲೆಯೇ ನಿಂತವು. ಅತಿಥಿ ಎದ್ದು ಹೋದ ಮೇಲೂ ಕೆಲಸ ನಿಲ್ಲದೆ ನಡೆದದ್ದರಿಂದ, ಆ ಕೆಲಸ ಅಷ್ಟರಲ್ಲಾಗಲೇ ಮನೆಯವರದಾಗಿತ್ತೆಂಬುದು ಸಿದ್ಧವಾಯಿತು.

ಬೆಟಗೇರಿಯ ಮಿಶನ್ ಆಸ್ಪತ್ರೆ ಈ ಮಾತಿಗೆ ಒಳ್ಳೆಯ ಸಾಕ್ಷಿ. 1886ರಲ್ಲಿ ಡಾಕ್ಟರ್ ಯೂಜೆನ್ ಲೀಬೆನ್‌ಡೋರ್ಫರ್ ಕಲ್ಲಿಕೋಟೆಯಲ್ಲಿ ಆರಂಭಿಸಿದ ಬಾಸೆಲ್ ಮಿಶನ್ನಿನ ವೈದ್ಯಕೀಯ ಕಾರ್ಯ 20ನೆಯ ಶತಮಾನದ ಆರಂಭದಲ್ಲಿ ಬೆಟಗೇರಿಗೂ ಚಾಚಿಕೊಂಡಿತು, ಜನ ಆ ಆಸ್ಪತ್ರೆಯನ್ನು ಜರ್ಮನ್ ದವಾಖಾನೆ ಎಂದೇ ಕರೆದರು. ಪರದೇಶದ ವೈದ್ಯರು ಬಂದರು, ಹೋದರು. ರೋಗಿಯ ಮಗ್ಗುಲಲ್ಲಿ ರಾತ್ರಿಯಿಡೀ ಕೂತದ್ದು, ನೋವನ್ನು ಕನ್ನಡದಲ್ಲಿ ಕೇಳಿ ವೈದ್ಯರ ಭಾಷೆಯಲ್ಲಿ ಹೇಳಿದ್ದು ಸ್ಥಳೀಯ ದಾದಿಯರು. 1947ರಲ್ಲಿ ಉದಯವಾದ ದಕ್ಷಿಣ ಭಾರತ ಸಭೆಯೊಳಗೆ, ಅಂದರೆ ಹಲವು ಪ್ರೊಟೆಸ್ಟೆಂಟ್ ಪರಂಪರೆಗಳು ಕೂಡಿ ಆದ ಸಿ.ಎಸ್.ಐ. ಚರ್ಚಿನೊಳಗೆ, ಈ ಭಾಗದ ಬಾಸೆಲ್ ಮಿಶನ್ ಸಭೆಗಳೂ ಕಾಲಾನಂತರದಲ್ಲಿ ಸೇರಿದವು. 1970ರಲ್ಲಿ ಧಾರವಾಡವನ್ನು ಕೇಂದ್ರವಾಗಿಟ್ಟುಕೊಂಡು ಕರ್ನಾಟಕ ಉತ್ತರ ಸಭಾಪ್ರಾಂತ ರೂಪುಗೊಂಡಿತು. ಅಲ್ಲಿಂದೀಚೆಗೆ ಹೊರಗಿನಿಂದ ಬರುವವರು ಆಡಳಿತ ನಡೆಸುವವರಾಗಿ ಬರುವುದಿಲ್ಲ, ಇಲ್ಲಿಯವರ ಕರೆಗೆ ಓಗೊಟ್ಟು ಬರುತ್ತಾರೆ. ಈ ಒಂದು ಬದಲಾವಣೆಯಿಂದ ಸ್ನೇಹದ ತಕ್ಕಡಿ ಮೊದಲಿಗಿಂತ ಸಮವಾಯಿತು.

ಇಂದಿನ ಅರ್ಥದ ಅಲ್ಪಾವಧಿ ಸೇವೆ ಬೆಳೆದದ್ದು ವಿಮಾನಯಾನ ಸಾಮಾನ್ಯರ ಕೈಗೆಟುಕಿದ ಕಾಲದಲ್ಲಿ. ಅಮೆರಿಕದ ಜಾರ್ಜ್ ವರ್ವರ್ 1957ರಲ್ಲಿ ಬೀಜ ಹಾಕಿದ ಆಪರೇಶನ್ ಮೊಬಿಲೈಸೇಶನ್, ಲಾರೆನ್ ಕನಿಂಗ್‌ಹ್ಯಾಮ್ 1960ರಲ್ಲಿ ಸ್ಥಾಪಿಸಿದ ಯೂಥ್ ವಿತ್ ಎ ಮಿಶನ್ ಮುಂತಾದ ಸಂಸ್ಥೆಗಳು ತರುಣರನ್ನು ಕೆಲವು ವಾರ, ಕೆಲವು ತಿಂಗಳ ಮಟ್ಟಿಗೆ ದೇಶಾಂತರಕ್ಕೆ ಕಳುಹಿಸುವುದನ್ನು ಜಗತ್ತಿನೆಲ್ಲೆಡೆ ರೂಢಿಗೆ ತಂದವು. ಹಳೆಯ ಬಾಸೆಲ್ ನಂಟಿನ ದಾರಿ ಇದಕ್ಕಿಂತ ಬೇರೆ. 1972ರಲ್ಲಿ ರೂಪುಗೊಂಡು ಸ್ಟುಟ್‌ಗಾರ್ಟಿನಲ್ಲಿ ಕೇಂದ್ರವಿರುವ ಇ.ಎಂ.ಎಸ್. ಎಂಬ ಮಿಶನ್ ಒಕ್ಕೂಟದಲ್ಲಿ ಜರ್ಮನಿಯ ಸಭೆಗಳ ಜತೆಗೆ ದಕ್ಷಿಣ ಭಾರತ ಸಭೆಯೂ ಸದಸ್ಯ. ಅದರ ಸ್ವಯಂಸೇವಕ ಯೋಜನೆಯಲ್ಲಿ ಹದಿನೆಂಟು ದಾಟಿದ ತರುಣ-ತರುಣಿಯರು ವರ್ಷದೊಳಗಿನ ಅವಧಿಗೆ ಭಾರತದ ವಿದ್ಯಾರ್ಥಿನಿಲಯ, ಶಾಲೆ, ಆಸ್ಪತ್ರೆಗಳಿಗೆ ಬರುತ್ತಾರೆ, ಇಲ್ಲಿಯವರು ಅಲ್ಲಿಗೆ ಹೋಗುವುದಕ್ಕೂ ದಾರಿಯಿದೆ. ಬರುವವರಿಗೆ ಬೋಧನೆ ಮಾಡುವ ಹೊಣೆಯಿಲ್ಲ. ಜತೆಯಲ್ಲಿ ಇರುವುದು, ಕೈಲಾದ ಕೆಲಸ ಮಾಡುವುದು, ಕಲಿಯುವುದು ಅವರ ಪಾಲಿನ ಕರ್ತವ್ಯ.

ಉತ್ತರ ಕರ್ನಾಟಕದ ವಿದ್ಯಾರ್ಥಿನಿಲಯವೊಂದರಲ್ಲಿ ಇಂಥ ಅತಿಥಿಯ ದಿನ ಬಚ್ಚಲಿನ ಸಾಲು, ಪ್ರಾರ್ಥನೆಯ ಹಾಡು, ಮಕ್ಕಳ ಜಡೆ, ಶಾಲೆಯ ಗಂಟೆಗಳಿಂದ ಆರಂಭವಾಗುತ್ತದೆ. ಸಂಜೆ ಮನೆಪಾಠ, ಆಟ, ರಾತ್ರಿಯ ಊಟ. ಈ ದಿನದಲ್ಲಿ ಅಡಿಗೆಮನೆಯ ಹೊತ್ತು ಎಲ್ಲಕ್ಕಿಂತ ಕಲಿಸುವಂಥದು. ಜೋಳದ ಹಿಟ್ಟಿಗೆ ಗೋದಿಯ ಜಿಗುಟಿಲ್ಲ. ಕುದಿಯುವ ಎಸರು ಹಾಕಿ, ಕೈ ತಾಳುವಷ್ಟು ಬಿಸಿಯಿರುವಾಗಲೇ ಅಂಗೈಯಿಂದ ಚೆನ್ನಾಗಿ ನಾದಿದರೆ ಮಾತ್ರ ಅದು ಒಂದುಗೂಡುತ್ತದೆ. ಒಣಹಿಟ್ಟು ಉದುರಿಸಿ ಉಂಡೆಯನ್ನಿಟ್ಟು, ಒಂದು ಕೈಯಿಂದ ಬಡಿಯುತ್ತ ಇನ್ನೊಂದರಿಂದ ಅಂಚನ್ನು ಸವರಿ ತಿರುಗಿಸುತ್ತ ಹೋದಂತೆ ರೊಟ್ಟಿ ತೆಳುವಾಗಿ ಹರಡುತ್ತದೆ. ಅದನ್ನು ಹರಿಯದಂತೆ ಎತ್ತಿ ಹಂಚಿಗೆ ಹಾಕಿ, ಮೇಲೆ ಹಸಿ ಅರಿವೆಯಿಂದ ನೀರು ಸವರಬೇಕು. ಪರದೇಶದ ಹುಡುಗಿಯ ರೊಟ್ಟಿ ಅಂಚಿನಲ್ಲಿ ಸೀಳುತ್ತದೆ, ಎತ್ತುವಾಗ ತುಂಡಾಗುತ್ತದೆ. ‘ಸಾವಕಾಶ ಬಡಿ ತಂಗಿ, ಹರದೀತು’ ಎಂದು ಅಡಿಗೆಯವ್ವ ಪಕ್ಕದಲ್ಲಿ ಕೂತು ಮತ್ತೊಂದು ಉಂಡೆ ಕೊಡುತ್ತಾಳೆ. ಹರಿದ ರೊಟ್ಟಿಯನ್ನು ಯಾರೂ ಚೆಲ್ಲುವುದಿಲ್ಲ. ಶೇಂಗಾ ಚಟ್ನಿ, ಮೊಸರಿನೊಡನೆ ಅದೂ ತಾಟಿಗೆ ಬರುತ್ತದೆ. ಪದವಿ, ಪಾಸ್‌ಪೋರ್ಟುಗಳಿಂದ ಬಂದ ಮೇಲರಿಮೆ ಈ ಕಟ್ಟಿಗೆ ಒಲೆಯ ಮುಂದೆ ನಿಲ್ಲಲಾರದು. ಅಲ್ಲಿ ಬಲ್ಲವಳು ಅಡಿಗೆಯವ್ವ, ಕಲಿಯುವವಳು ಅತಿಥಿ. ಮುನ್ಶಿಯ ಮುಂದೆ ಅಕ್ಷರ ತಿದ್ದಿದ ಹಳೆಯ ಮಿಶನರಿಗೆ ದೊರೆತ ವಿನಯದ ಪಾಠವೇ ಇಲ್ಲಿ ಬೇರೆ ಸಲಕರಣೆಗಳಿಂದ ನಡೆಯುತ್ತದೆ.

ಗೆಳೆತನಗಳು ಬೆಳೆಯುವುದು ಇಂಥ ಸಣ್ಣ ಸಾಲಗಳ ಮೇಲೆ. ಜ್ವರ ಬಂದಾಗ ಗಂಜಿ ಮಾಡಿಕೊಟ್ಟವರು, ಸಂತೆಯಲ್ಲಿ ದರ ಹೇಳಿ ಉಳ್ಳಾಗಡ್ಡಿ ಕೊಡಿಸಿದವರು, ಸೀರೆಯ ನಿರಿಗೆ ಹಿಡಿದವರು, ತಪ್ಪು ಕನ್ನಡವನ್ನು ಅವಮಾನವಾಗದಂತೆ ತಿದ್ದಿದವರು ನೆನಪಿನಲ್ಲಿ ನಿಲ್ಲುತ್ತಾರೆ. ಮಕ್ಕಳು ‘ಅಕ್ಕಾ’, ‘ಅಣ್ಣಾ’ ಎಂದು ಕರೆಯತೊಡಗಿದಾಗ ಅತಿಥಿಗೆ ಒಂದು ಸ್ಥಾನ ಸಿಕ್ಕಂತೆ. ಆ ಸ್ಥಾನದೊಡನೆ ಹೊಣೆಯೂ ಬರುತ್ತದೆ. ಹೆತ್ತವರಿಂದ ದೂರವಿದ್ದು ಓದುವ ಮಕ್ಕಳು ವರ್ಷವಿಡೀ ಹಚ್ಚಿಕೊಂಡವರನ್ನು ವರ್ಷದ ಕೊನೆಯಲ್ಲಿ ಬಸ್ ನಿಲ್ದಾಣಕ್ಕೆ ಬಿಟ್ಟು ಬರಬೇಕಾಗುತ್ತದೆ, ಮರುವರ್ಷ ಇನ್ನೊಬ್ಬರನ್ನು ಹಚ್ಚಿಕೊಳ್ಳಬೇಕಾಗುತ್ತದೆ. ಅಲ್ಪಾವಧಿ ಸೇವೆಯ ಮೇಲಿನ ಟೀಕೆಗಳಲ್ಲಿ ಅತ್ಯಂತ ಗಂಭೀರವಾದದ್ದು ಇದು. ಟಿಕೇಟಿಗೆ ಸುರಿದ ಹಣವನ್ನು ನೇರವಾಗಿ ಇಲ್ಲಿಗೇ ಕಳುಹಿಸಬಾರದೇಕೆ, ಬಡ ಮಕ್ಕಳ ಮುಖಗಳು ಯಾರದೋ ಫೋನಿನ ಚಿತ್ರಗಳಾಗಬೇಕೇಕೆ, ಊರಿನವರು ಮಾಡಬಲ್ಲ ಕೆಲಸವನ್ನು ಹೊರಗಿನವರಿಂದ ಮಾಡಿಸುವುದೇಕೆ ಎಂಬ ಪ್ರಶ್ನೆಗಳೂ ಅಷ್ಟೇ ಸಾಚಾ. ಇವುಗಳಿಗೆ ಉತ್ತರ ಒಳ್ಳೆಯ ಮನಸ್ಸಿನಲ್ಲಿಲ್ಲ, ಒಳ್ಳೆಯ ಕಟ್ಟುಪಾಡಿನಲ್ಲಿದೆ. ಬರುವ ಮುನ್ನವೇ ಕನ್ನಡದ ಅಕ್ಷರಗಳನ್ನಾದರೂ ಕಲಿತಿರಬೇಕು. ಕರೆದವರು ಗೊತ್ತುಪಡಿಸಿದ ಕೆಲಸವನ್ನೇ ಮಾಡಬೇಕು. ಮಕ್ಕಳ ಪಾಲನೆಯ ಮುಖ್ಯ ಹೊಣೆ ಸದಾ ಇಲ್ಲಿಯವರ ಕೈಯಲ್ಲಿಯೇ ಇರಬೇಕು. ಅಗಲಿಕೆಯ ದಿನವನ್ನು ಮಕ್ಕಳಿಗೆ ಮೊದಲೇ ತಿಳಿಸಿ, ಹೋದ ಮೇಲೆ ಬರೆಯುತ್ತೇನೆಂದವರು ಬರೆಯಬೇಕು. ಅತಿಥಿಯ ತಪ್ಪನ್ನು ಎತ್ತಿ ಹೇಳುವ ಹಕ್ಕು ಅಡಿಗೆಯವ್ವನವರೆಗೂ ಎಲ್ಲರಿಗೂ ಇರಬೇಕು.

ಹೀಗೆ ನೋಡಿದಾಗ ಸೇವೆಯ ಅವಧಿ ದೊಡ್ಡದೋ ಸಣ್ಣದೋ ಎಂಬ ಪ್ರಶ್ನೆ ಹಿಂದೆ ಸರಿದು, ಬಂದವರು ಯಾರ ಋಣಕ್ಕೆ ಒಳಗಾದರು, ಆ ಋಣವನ್ನು ಹೇಗೆ ಒಪ್ಪಿಕೊಂಡರು ಎಂಬ ಪ್ರಶ್ನೆ ಮುಂದೆ ಬರುತ್ತದೆ. ಮಲ್ಲಸಮುದ್ರದ ವಸಾಹತನ್ನು ರೂಪಿಸಿದವರಿಗೆ ಜನರ ಮೇಲೆ ಭರವಸೆಯಿತ್ತು, ಆದರೆ ಪರಿಚಯವಿರಲಿಲ್ಲ. ನಿಘಂಟನ್ನು ಕಟ್ಟಿದವರು ಪರಿಚಯಕ್ಕೆ ಬಾಳನ್ನೇ ತೆತ್ತರು. ಒಂದು ವರ್ಷಕ್ಕೆ ಬರುವವರು ನಿಘಂಟು ಕಟ್ಟಲಾರರು, ಆದರೆ ಪರಿಚಯದ ಆ ದಾರಿಯಲ್ಲಿ ಮೊದಲ ಹೆಜ್ಜೆಗಳನ್ನು ಪ್ರಾಮಾಣಿಕವಾಗಿ ಇಡಬಲ್ಲರು, ಅಷ್ಟು ಸಾಕು. ಗದಗ-ಬೆಟಗೇರಿಯ ಸಭೆಗಳು, ಶಾಲೆಗಳು, ಇತಿಹಾಸದ ಅಭ್ಯಾಸಿಗಳು ಮಾಡಬೇಕಾದ ಕೆಲಸವೂ ಒಂದಿದೆ. ಬಾಸೆಲ್ಲಿನ ದಫ್ತರಖಾನೆಯಲ್ಲಿ ಮಿಶನರಿಗಳ ಪತ್ರ, ವರದಿ, ಛಾಯಾಚಿತ್ರಗಳು ಜೋಪಾನವಾಗಿವೆ. ಆದರೆ ಅವರಿಗೆ ಕನ್ನಡ ಕಲಿಸಿದ, ಗಾಡಿ ಹೊಡೆದ, ರೊಟ್ಟಿ ಬಡಿದ, ಜ್ವರದಲ್ಲಿ ಕಾಯ್ದ ಎಷ್ಟೋ ಜನರ ಹೆಸರುಗಳು ಉಳಿದಿದ್ದರೆ ಈ ಊರುಗಳ ಹಳೆಯ ಮನೆತನಗಳ ನೆನಪಿನಲ್ಲಿ, ಸಭೆಗಳ ಹಳೆಯ ದಾಖಲೆ ಪುಸ್ತಕಗಳಲ್ಲಿ ಉಳಿದಿರಬೇಕು. ಹೇಳುವ ಹಿರಿಯರು ಇರುವಾಗಲೇ ಅವನ್ನು ಕೇಳಿ ಬರೆದಿಡಬೇಕು, ಮುಂದೆ ಬರುವ ಪ್ರತಿಯೊಬ್ಬ ಅತಿಥಿಗೂ ಮೊದಲ ಪಾಠವಾಗಿ ಆ ಹೆಸರುಗಳನ್ನೇ ಓದಿಸಬೇಕು.